ದ್ಯೂತವ್ಯಸನವೂ ಸ್ಥಿತಿಕರಣವೂ



ಸಪ್ತವ್ಯಸನಗಳನ್ನು ಎಣಿಸುವಾಗ ಆಚಾರ್ಯರು ದ್ಯೂತವನ್ನೇ ಮೊದಲು ಹೇಳುತ್ತಾರೆ. ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀಸಂಗ ಇವೆಲ್ಲವೂ ಅದರ ಹಿಂದೆ ಬರುತ್ತವೆ. ಆದರೆ ಮದ್ಯಮಾಂಸಗಳ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳುವ ಶ್ರಾವಕರ ಮನೆಗಳಲ್ಲಿಯೂ ಈ ಮೊದಲನೆಯದಕ್ಕೆ ಬಾಗಿಲು ಓರೆಯಾಗಿ ತೆರೆದಿರುವುದುಂಟು. ದೀಪಾವಳಿಯ ರಾತ್ರಿ ಇಸ್ಪೀಟಿನ ಎಲೆ ಹರಡಿ ನಾಲ್ಕು ಕಾಸು ಕಟ್ಟುವುದನ್ನು ಹಬ್ಬದ ಶಾಸ್ತ್ರವೆಂದೇ ಕರೆಯುವವರಿದ್ದಾರೆ. ಬೆಳಗಾದರೆ ಭಗವಾನ್ ಮಹಾವೀರಸ್ವಾಮಿಯ ನಿರ್ವಾಣೋತ್ಸವ! ಅದು ಯಾವ ಶಾಸ್ತ್ರದಲ್ಲಿದೆಯೋ ಅವರೇ ಹೇಳಬೇಕು.

'ಮನೋವಿನೋದಕ್ಕಾಗಿ ಆಡಿದರೆ ದೋಷವೇನು?' ಎಂಬ ಆಕ್ಷೇಪ ಹೊಸದಲ್ಲ. 13ನೆಯ ಶತಮಾನದಲ್ಲಿಯೇ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಇದನ್ನು ವಿಚಾರಿಸಿ, ದ್ಯೂತವನ್ನು ತ್ಯಜಿಸಿದವನಿಗೆ ವಿನೋದಾರ್ಥವಾದ ಪಂದ್ಯವೂ ದೋಷವೇ ಎಂದು ನಿರ್ಣಯಿಸಿದರು. ಅವರು ಕೊಡುವ ಕಾರಣವನ್ನು ಗಮನಿಸಬೇಕು. ಹಣ ಹೋಗುತ್ತದೆ ಎಂದು ಅವರು ಹೆದರಿಸುವುದಿಲ್ಲ. ಗೆದ್ದಾಗ ಹರ್ಷ, ಸೋತಾಗ ಅಮರ್ಷ. ಈ ಎರಡೂ ಕಷಾಯದ ಉದಯಕ್ಕೆ ಕಾರಣವಾಗುವುದರಿಂದ ಕಟ್ಟಿದ ಕಾಸು ಚಿಕ್ಕದಾದರೂ ಬಂಧ ಚಿಕ್ಕದಾಗದು. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ದ್ಯೂತವನ್ನು ಅನರ್ಥದಂಡದ ಪ್ರಕರಣದಲ್ಲಿ ಸೇರಿಸಿರುವುದೂ ಅರ್ಥಪೂರ್ಣವಾಗಿದೆ. ಯಾವ ಪ್ರಯೋಜನವೂ ಇಲ್ಲದೆ ತನ್ನನ್ನು ತಾನೇ ದಂಡಿಸಿಕೊಳ್ಳುವುದು ಅದಲ್ಲದೆ ಮತ್ತೇನು?

ಈ ಕಾಲದಲ್ಲಿ ವಿನೋದದ ಮಾತಿಗೆ ಬದಲಾಗಿ 'ಜವಾಬ್ದಾರಿಯಿಂದ ಆಡಿರಿ' ಎಂಬ ಮಾತು ಬಂದಿತು. ಹಣ ಕಟ್ಟಿ ಆಡುವ ಮೊಬೈಲ್ ಆಟಗಳ ಜಾಹೀರಾತಿನಲ್ಲಿ, ಇದು ಚಟವಾಗಬಹುದು ಎಂಬ ಎಚ್ಚರಿಕೆಯನ್ನು ಸೇರಿಸಬೇಕೆಂದು 2020ರ ಡಿಸೆಂಬರಿನಿಂದ ಜಾಹೀರಾತು ಗುಣಮಟ್ಟ ಮಂಡಳಿ ವಿಧಿಸಿತು. ಆಮಿಷವನ್ನೂ ಎಚ್ಚರಿಕೆಯನ್ನೂ ಒಂದೇ ಕೈಯಿಂದ ಕೊಟ್ಟರೆ ಜನರು ಯಾವುದನ್ನು ಹಿಡಿದುಕೊಳ್ಳುತ್ತಾರೆಂಬುದನ್ನು ಹೇಳಬೇಕಾಗಿಲ್ಲ.

ಲೆಕ್ಕವನ್ನಾದರೂ ನೋಡೋಣ. ಪಣಜಿಯ ಮಾಂಡೋವಿ ನದಿಯಲ್ಲಿ ನಿಂತಿರುವ ಕ್ಯಾಸಿನೋ ಹಡಗುಗಳಿಗೆ ಬೆಳಗಾವಿ ಹುಬ್ಬಳ್ಳಿಗಳಿಂದ ಹೋಗಿಬರುವವರು ಕಡಿಮೆಯಿಲ್ಲ. ಅಂಥ ಕಡೆಗಳಲ್ಲಿ ಆಡಿಸುವ ರೂಲೆಟ್ ಎಂಬ ಚಕ್ರದ ಐರೋಪ್ಯ ಮಾದರಿಯಲ್ಲಿ 37 ಮನೆಗಳಿರುತ್ತವೆ. ಪ್ರತಿ ಮನೆಗೂ ಒಂದೊಂದು ರೂಪಾಯಿಯಂತೆ 37 ರೂಪಾಯಿ ಕಟ್ಟಿದವನಿಗೆ ಗೆದ್ದ ಮನೆಯಿಂದ 35 ರೂಪಾಯಿ, ಅಲ್ಲಿ ಕಟ್ಟಿದ್ದ 1 ರೂಪಾಯಿ, ಒಟ್ಟು 36 ಹಿಂದಿರುಗುತ್ತದೆ. ಚಕ್ರ ಯಾವ ಮನೆಯಲ್ಲಿ ನಿಂತರೂ ಒಂದು ರೂಪಾಯಿ ಯಜಮಾನನದು. ಅಲ್ಲಿ ಮೋಸವೇ ನಡೆಯಬೇಕೆಂದಿಲ್ಲ, ಭಾಗಾಕಾರವೇ ಸಾಕು.

ವರ್ತಕರಾದ ಶ್ರಾವಕರು 'ನಮ್ಮದು ಜೂಜಲ್ಲ, ವ್ಯಾಪಾರ' ಎನ್ನುವುದುಂಟು. ಬೆಲೆಯ ಏರಿಳಿತದ ಮೇಲೆ ಪಣ ಕಟ್ಟುವ ಸಟ್ಟಾ ಎಲ್ಲಿ ಮುಗಿದು ವ್ಯಾಪಾರ ಎಲ್ಲಿ ಆರಂಭವಾಗುತ್ತದೆಂಬುದನ್ನು ಅವರವರ ಅಂತಃಸಾಕ್ಷಿಯೇ ಹೇಳಬೇಕು. ಷೇರುಪೇಟೆಯ ವಾಯಿದಾ ವ್ಯವಹಾರದಲ್ಲಿ 2021-22ರಿಂದ 2023-24ರ ವರೆಗಿನ ಮೂರು ವರ್ಷಗಳಲ್ಲಿ ತೊಡಗಿದ ವ್ಯಕ್ತಿಗಳ ಪೈಕಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರೆಂದೂ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೀರಿತೆಂದೂ ಸೆಬಿ ಸಂಸ್ಥೆಯೇ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದೆ. ಪರಿಗ್ರಹಪರಿಮಾಣ ವ್ರತವನ್ನು ಪಡೆದವರು ಈ ಅಂಕಿಗಳನ್ನು ಎರಡು ಸಲ ಓದಿಕೊಳ್ಳುವುದು ಲೇಸು.

ಇನ್ನು, ವ್ಯಸನದಲ್ಲಿ ಸಿಕ್ಕಿಬಿದ್ದವನ ವಿಚಾರ. ಕಳೆದುಕೊಂಡದ್ದನ್ನು ಆಡಿಯೇ ಹಿಂದಕ್ಕೆ ಪಡೆಯುವೆನೆಂಬುದೇ ಈ ರೋಗದ ಮುಖ್ಯ ಲಕ್ಷಣ. ಹೋದ ಹಣಕ್ಕಾಗಿ ಆರ್ತಧ್ಯಾನ, ಬರಲಿರುವ ಹಣಕ್ಕಾಗಿ ರೌದ್ರಧ್ಯಾನ. ಇವೆರಡರ ನಡುವೆ ನಿದ್ರೆಯಿಲ್ಲ, ಸತ್ಯವಿಲ್ಲ. ರೋಗವೆಂದದ್ದು ಅಲಂಕಾರಕ್ಕಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ, 2022ರಿಂದ ಜಾರಿಗೆ ಬಂದ ರೋಗಗಳ ವರ್ಗೀಕರಣದಲ್ಲಿ ಜೂಜಿನ ವ್ಯಸನವನ್ನು ಚಟಗಳಿಂದಾಗುವ ಮನೋರೋಗಗಳ ಸಾಲಿನಲ್ಲಿ ಇರಿಸಿದೆ. ನಿಲ್ಲಿಸಬೇಕೆಂದು ಮನಸ್ಸಿದ್ದೂ ನಿಲ್ಲಿಸಲಾಗದಿರುವುದನ್ನು ಕೇವಲ ದುಷ್ಟತನವೆಂದು ತಿಳಿಯುವುದು ಸರಿಯಲ್ಲ. ಕರ್ಮೋದಯವೆಂದು ಕೈಚೆಲ್ಲಿ ಕುಳಿತುಕೊಳ್ಳುವುದೂ ಸರಿಯಲ್ಲ.

ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಮಗನ ಸಾಲ ತಿಳಿದೊಡನೆ ತಾಯಿ ಬಳೆ ಬಿಚ್ಚಿಕೊಡುತ್ತಾಳೆ. ತಂದೆ ಅಡವಿಟ್ಟು ಸಾಲಗಾರನ ಬಾಯಿ ಮುಚ್ಚಿಸುತ್ತಾನೆ. ಮಗಳ ಲಗ್ನ ಮುಗಿಯುವ ತನಕ ಸುದ್ದಿ ಹೊರಬೀಳಬಾರದೆಂದು ಮನೆಯವರೆಲ್ಲ ಬಾಯಿ ಹೊಲಿದುಕೊಳ್ಳುತ್ತಾರೆ. ಕೇಳಿದರೆ, ಪರರ ದೋಷವನ್ನು ಮುಚ್ಚುವುದು ಉಪಗೂಹನವಲ್ಲವೇ ಎನ್ನುತ್ತಾರೆ. ಆರು ತಿಂಗಳಲ್ಲಿ ಎರಡನೆಯ ಸಾಲ, ಮೊದಲಿಗಿಂತ ದೊಡ್ಡದು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನದ ಮಗ್ಗುಲಲ್ಲೇ ಸ್ಥಿತಿಕರಣವಿದೆ. ಜಾರುವವನನ್ನು ಮರಳಿ ನೆಲೆಯಲ್ಲಿ ನಿಲ್ಲಿಸುವುದೇ ಅದು. ಅದಕ್ಕೆ ದೃಷ್ಟಾಂತನಾದ ವಾರಿಷೇಣಮುನಿ ಮಾಡಿದ್ದನ್ನು ನೆನೆಯಿರಿ. ದೀಕ್ಷೆ ಪಡೆದಿದ್ದ ಪುಷ್ಪಡಾಲನು ಹನ್ನೆರಡು ವರ್ಷಗಳಾದರೂ ಮನೆಯಲ್ಲಿ ಬಿಟ್ಟುಬಂದ ಹೆಂಡತಿಯನ್ನೇ ಧ್ಯಾನಿಸುತ್ತಿದ್ದ. ವಾರಿಷೇಣನು ಅದನ್ನು ಸಂಘದಲ್ಲಿ ಸಾರಲಿಲ್ಲ. ಕಂಡೂ ಕಾಣದಂತೆ ಇರಲೂ ಇಲ್ಲ. ಅವನನ್ನು ತನ್ನ ಅರಮನೆಗೇ ಕರೆದೊಯ್ದು, ತಾಯಿ ಚೇಲನೆಗೆ ಹೇಳಿ ತಾನು ತೊರೆದುಬಂದ ಮೂವತ್ತೆರಡು ಮಂದಿ ಪತ್ನಿಯರನ್ನು ಸಾಲಂಕೃತರಾಗಿ ಬರಮಾಡಿಸಿ, 'ಇವರನ್ನೂ ಈ ರಾಜ್ಯವನ್ನೂ ನೀನೇ ತೆಗೆದುಕೋ' ಎಂದ. ಪುಷ್ಪಡಾಲನು ನಾಚಿ ನೆಲೆನಿಂತ. ತಾಯಿಯನ್ನೂ ಕರೆದರು, ತೆರೆಯನ್ನೂ ಎತ್ತಿದರು. ಊರಿಗೆ ಮಾತ್ರ ಡಂಗುರ ಹೊಡೆಯಲಿಲ್ಲ.

ಆದುದರಿಂದ ಮನೆಯವರು ಮೊದಲು ಮಾಡಬೇಕಾದುದು ಆಲೋಚನೆ, ಅಂದರೆ ಇದ್ದುದನ್ನು ಇದ್ದಂತೆ ಹೇಳಿಸುವುದು. ಒಂದು ಕಾಗದದಲ್ಲಿ ಎಲ್ಲ ಸಾಲವನ್ನೂ ಬರೆಸಬೇಕು. ಜೂಜುಗಾರನು ಮೊದಲ ಸಲ ಪೂರ್ತಿ ಹೇಳುವುದು ಅಪರೂಪ. ಸಿಟ್ಟಾಗದೆ ಎರಡನೆಯ ಸಲ ಕೇಳಬೇಕು. ಸಾಲ ತೀರಿಸಲು ಅವನ ಕೈಗೆ ನಗದು ಕೊಡಬಾರದು, ನೇರವಾಗಿ ಸಾಲಗಾರನಿಗೇ ಸಲ್ಲಿಸಬೇಕು. ಬ್ಯಾಂಕಿನ ಪುಸ್ತಕ, ಕಾರ್ಡು, ಫೋನಿನಿಂದ ಹಣ ಕಳಿಸುವ ಅನುಕೂಲ ಇವು ಅವನ ಒಪ್ಪಿಗೆಯಿಂದಲೇ ಕೆಲಕಾಲ ಮತ್ತೊಬ್ಬರ ವಶದಲ್ಲಿರಲಿ.

ವ್ರತದ ವಿಷಯದಲ್ಲಿ ಆತುರ ಬೇಡ. ಅಳುತ್ತಿರುವವನನ್ನು ಬಸದಿಗೆ ಎಳೆದೊಯ್ದು ಯಾವಜ್ಜೀವ ಪ್ರತಿಜ್ಞೆ ಮಾಡಿಸಿದರೆ ಅದು ವಾರದಲ್ಲಿ ಮುರಿಯುತ್ತದೆ. ಮುರಿದ ನಾಚಿಕೆ ಮತ್ತೆ ಆಟಕ್ಕೇ ದೂಡುತ್ತದೆ. ಸಮಂತಭದ್ರಸ್ವಾಮಿಗಳು ಜೀವನಪರ್ಯಂತದ ಯಮವನ್ನೂ ಪರಿಮಿತಕಾಲದ ನಿಯಮವನ್ನೂ ಬೇರೆಬೇರೆಯಾಗಿ ಹೇಳಿರುವುದು ಮನುಷ್ಯನ ಶಕ್ತಿಯನ್ನು ಬಲ್ಲವರಾದುದರಿಂದ. ಇಂದು ಒಂದು ದಿನ, ಆಮೇಲೆ ಒಂದು ಪಕ್ಷ, ಆಮೇಲೆ ಚಾತುರ್ಮಾಸ. ಪ್ರಾಯಶ್ಚಿತ್ತವೆಂದು ಉಪವಾಸದ ಮೇಲೆ ಉಪವಾಸ ಮಾಡಿಸುವವರೂ ಇದ್ದಾರೆ. ಕಷಾಯವನ್ನೂ ವಿಷಯವನ್ನೂ ಬಿಡದೆ ಅನ್ನವನ್ನಷ್ಟೇ ಬಿಟ್ಟರೆ ಅದು ಲಂಘನ. ಅಷ್ಟಮಿಯಂದು ಉಪವಾಸವಿದ್ದು ರಾತ್ರಿ ಹೊದಿಕೆಯೊಳಗೆ ಫೋನಿನಲ್ಲಿ ರಮ್ಮಿ ಆಡುವವನಿಗೆ ಹಸಿವೊಂದೇ ಫಲ.

ಧರ್ಮೋಪದೇಶದೊಂದಿಗೆ ವೈದ್ಯನೂ ಬೇಕು. ಜ್ವರಕ್ಕೆ ಔಷಧ ಕೊಡಿಸುವವರು ಇದಕ್ಕೆ ಮಾತ್ರ ಸಂಕೋಚಪಡುವುದೇಕೆ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಚಿಕಿತ್ಸೆಯ ಕೇಂದ್ರವಿದೆ. ಮೊಬೈಲ್ ಮತ್ತು ಅಂತರ್ಜಾಲದ ಚಟಕ್ಕೆಂದೇ 2014ರಿಂದ ಪ್ರತ್ಯೇಕ ಚಿಕಿತ್ಸಾಲಯವೂ ಇದೆ. ಆಸೆ ಏಳುವ ಹೊತ್ತನ್ನು ಗುರುತಿಸಿ ಅದನ್ನು ದಾಟುವ ಕ್ರಮವನ್ನು ಅಲ್ಲಿ ಮಾತುಕತೆಯ ಮೂಲಕ ಕಲಿಸುತ್ತಾರೆ. ದೂರವಾದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಸಾಲದ ಭಾರದಿಂದ 'ಇನ್ನು ನಾನಿರಬಾರದು' ಎಂಬಂಥ ಮಾತು ಬಂದರಂತೂ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ, ಒಬ್ಬನನ್ನೇ ಬಿಡದೆ, ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಪೊಲೀಸರ ಭಯದಿಂದ ಬಾಯಿಬಿಡದವರೂ ಇದ್ದಾರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಹಣ ಕಟ್ಟಿ ಆಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸಿದ್ದರೂ, ಶಿಕ್ಷೆಯನ್ನು ಆಡಿಸುವವರಿಗೆ ಹಾಗೂ ಜಾಹೀರಾತು ನೀಡುವಂಥವರಿಗೆ ವಿಧಿಸಿದೆಯೇ ಹೊರತು ಅವುಗಳನ್ನು ಆಡಿದವನಿಗಲ್ಲ. ನಿಷೇಧವಾಯಿತೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಹಿಂದೆ ಮುಂಬಯಿಯಲ್ಲಿ ನ್ಯೂಯಾರ್ಕಿನ ಹತ್ತಿಯ ದರದ ಮೇಲೆ ಪಣ ಕಟ್ಟುತ್ತಿದ್ದವರು, 1960ರ ದಶಕದಲ್ಲಿ ಆ ದರ ಬರುವುದು ನಿಂತಾಗ ಮಡಕೆಯೊಳಗಿನ ಚೀಟಿಯ ಮೇಲೆ ಕಟ್ಟಿದರು. ಮಟಕಾ ಎಂಬ ಹೆಸರು ಬಂದದ್ದೇ ಹಾಗೆ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ಸರಕಾರಿ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಫೋನು ಮಾಡುವವನು ಜೂಜುಗಾರನೇ ಆಗಿರಬೇಕೆಂಬ ನಿಯಮವಿಲ್ಲ. ಅವನು ಒಪ್ಪುವ ಮೊದಲೇ ಅವನ ಹೆಂಡತಿಯಾಗಲಿ ತಾಯಿಯಾಗಲಿ ಮಾಡಿ, ತಾವು ಮುಂದೆ ಹೇಗೆ ನಡೆದುಕೊಳ್ಳಬೇಕೆಂದು ಕೇಳಿ ತಿಳಿದುಕೊಳ್ಳಬಹುದು.