ಮುಟ್ಟದ ಪೂಜೆ

ದೇವರನ್ನು ಕೈಯಾರೆ ಮುಟ್ಟಬೇಕೆನ್ನುವ ಹಂಬಲ ಭಕ್ತಿಯ ಜೀವಾಳವೇ? ಧಾರವಾಡದಿಂದ ಬಂದು ಪುಣೆ ಹತ್ತಿರದ ದೇಹೂ ರೋಡಿನ ಡಿಪೋದಲ್ಲಿ ನೌಕರಿ ಮುಗಿಸಿ ಇಲ್ಲೇ ನೆಲೆಸಿದ ನನಗೆ ಈ ಪ್ರಶ್ನೆ ಎದುರಾದದ್ದು ದಾಂಡೇಲಿ ಕಾಡಿನ ಕವಳಾ ಗುಹೆಯಲ್ಲಿ.

ಇಲ್ಲಿ ನಮ್ಮೂರ ಹತ್ತಿರದ ಘೋರಾಡೇಶ್ವರ ಬೆಟ್ಟದ ಗವಿಗಳು ಮನುಷ್ಯರು ಕಡೆದವು. ಬೌದ್ಧ ಭಿಕ್ಷುಗಳಿಗಾಗಿ ಕರಿಗಲ್ಲಿನಲ್ಲಿ ಕೊರೆದ ಆ ಜಾಗದಲ್ಲಿ ಈಗ ಶಿವಲಿಂಗವಿದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿರುವ ಕವಳಾದಲ್ಲಿ ಉಳಿ ತಾಕಿದ ಗುರುತೇ ಇಲ್ಲ. ಮೆಟ್ಟಿಲಿಳಿದು, ಬಾವಲಿಗಳ ಘಾಟಿನಲ್ಲಿ, ಬ್ಯಾಟರಿ ಹಿಡಿದು ಬಗ್ಗಿಕೊಂಡು ಒಳಹೊಕ್ಕರೆ ಸುಣ್ಣಕಲ್ಲಿನ ಲಿಂಗ. ಚಾವಣಿಯಲ್ಲಿ ಒಂದು ಹನಿ ನಿಧಾನಕ್ಕೆ ದುಂಡಗಾಯಿತು, ಬೆಳಕು ತುಂಬಿಕೊಂಡಿತು, ಬಿತ್ತು. ನಮ್ಮಕ್ಕ ಕೈ ಚಾಚಿದಳು. ದಾರಿ ತೋರಿಸಲು ಬಂದಿದ್ದ ಹುಡುಗ, ‘ಮುಟ್ಟಬ್ಯಾಡ್ರಿ ಅವ್ವಾರ, ಇನ್ನೂ ಬೆಳೀಲಿಕತ್ತೈತಿ’ ಅಂದ.

ಅವನ ಮಾತು ನಿಜ. ಕಾಡಿನ ಬೇರುಗಳು ಉಸಿರಾಡಿದಾಗ, ತರಗೆಲೆ ಕೊಳೆತಾಗ ಮಣ್ಣಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಇಂಗುವ ಮಳೆನೀರು ಅದನ್ನು ಹೀರಿ ತುಸು ಆಮ್ಲವಾಗಿ, ಸುಣ್ಣಕಲ್ಲನ್ನು ಕರಗಿಸಿಕೊಂಡು ಇಳಿಯುತ್ತದೆ. ಗವಿಯ ಗಾಳಿಗೆ ಬಂದಾಗ ಆ ಅನಿಲ ಹೊರಬಿದ್ದು ಸುಣ್ಣ ಕೂರುತ್ತದೆ. ಸಾಮಾನ್ಯವಾಗಿ ಇಂಥ ಕಲ್ಲು ವರ್ಷಕ್ಕೆ 1 ಮಿಲಿಮೀಟರಿನಷ್ಟೂ ಬೆಳೆಯುವುದಿಲ್ಲ. ಬೆರಳಿನ ಜಿಡ್ಡು ಹತ್ತಿದ ಕಡೆ ಆ ಬೆಳವಣಿಗೆಯೂ ನಿಂತುಬಿಡಬಹುದು.

ಹೀಗೆಲ್ಲ ತಿಳಿದರೆ ದೈವತ್ವ ಕರಗಿಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನನಗೆ ಅದು ಹೆಚ್ಚಾಯಿತು. ಸ್ವಯಂಭೂ ಎನ್ನುತ್ತೇವೆ, ಆದರೆ ಈ ಲಿಂಗ ಒಂಟಿಯಾಗಿ ಹುಟ್ಟಿದ್ದಲ್ಲ. ಮೇಲಿನ ಮರಗಳಿಲ್ಲದೆ, ಹಣ್ಣು ತಿಂದು ಬೀಜ ಚೆಲ್ಲಿ ಆ ಕಾಡನ್ನು ಬೆಳೆಸುವ ಮಂಗಟ್ಟೆ ಹಕ್ಕಿಗಳಿಲ್ಲದೆ ಅದಿಲ್ಲ. ಗಿಡಬಳ್ಳಿಗಳನ್ನು ನೆಂಟರೆಂದು ಹಾಡಿದ ತುಕಾರಾಮರು ಧ್ಯಾನಕ್ಕೆ ಕೂರುತ್ತಿದ್ದುದು ದೇಹೂ ಹತ್ತಿರದ ಭಂಡಾರಾ ಡೊಂಗರದಲ್ಲಿ. ಆ ನೆಂಟಸ್ತನ ಎಷ್ಟು ನಿಜವೆಂದು ನನಗೆ ಮನದಟ್ಟಾದದ್ದು ಕವಳಾದಲ್ಲಿ.

ಆದರೂ ಅಕ್ಕನ ಹಂಬಲವನ್ನು ನಾನು ಹಗುರವಾಗಿ ಕಾಣಲಾರೆ. ಪಂಢರಪುರದಲ್ಲಿ ವಿಠೋಬನ ಪಾದಕ್ಕೆ ಹಣೆ ಹಚ್ಚಲು ಜನ ಗಂಟೆಗಟ್ಟಲೆ ಪಾಳಿ ಹಚ್ಚುತ್ತಾರೆ. ಆದರೆ ವಿಠೋಬನ ಭಕ್ತರ ಅದೇ ವಾರಕರಿ ಸಂಪ್ರದಾಯ ಇನ್ನೊಂದನ್ನೂ ಕಲಿಸಿದೆ. ಜ್ಯೇಷ್ಠದಲ್ಲಿ ದೇಹೂವಿನಿಂದ ತುಕಾರಾಮರ ಪಾಲಖಿಯೊಂದಿಗೆ ಪಂಢರಪುರಕ್ಕೆ ಹೊರಟು, ಮಳೆಯಲ್ಲಿ ತೊಯ್ದು ನಡೆದವರು ಎಷ್ಟೋ ಮಂದಿ ಆಷಾಢ ಏಕಾದಶಿಯ ನೂಕುನುಗ್ಗಲಿನಲ್ಲಿ ಗುಡಿಯ ಕಳಸಕ್ಕೆ ಕೈಮುಗಿದು ಹಿಂದಿರುಗುತ್ತಾರೆ. ಅವರ ವಾರಿ, ಅಂದರೆ ಆ ಕಾಲ್ನಡಿಗೆಯ ಯಾತ್ರೆ, ಪೂರ್ತಿಯಾಗಿಲ್ಲವೆಂದು ಯಾರೂ ಅನ್ನುವುದಿಲ್ಲ. ಭಕ್ತಿ ಕೈಗೆ ಸಿಕ್ಕಿದ್ದರಲ್ಲಿಲ್ಲ, ನಡೆದದ್ದರಲ್ಲಿದೆ.

ಶಿವರಾತ್ರಿಗೆ ಕವಳಾಕ್ಕೆ ಹೋಗುವವರಲ್ಲಿ ನನ್ನದು ಇಷ್ಟೇ ಬಿನ್ನಹ: ಎಣ್ಣೆ, ಕುಂಕುಮ ಬೇಡ, ಬಾವಲಿಗಳ ಮನೆಯಲ್ಲಿ ಕರ್ಪೂರದ ಹೊಗೆಯೂ ಬೇಡ. ದೂರದಿಂದಲೇ ಕೈಮುಗಿಯಿರಿ. ಸೇವೆ ಮಾಡಬೇಕೆನಿಸಿದರೆ ಮೇಲಿನ ಕಾಡಿಗೆ ಕೊಡಲಿ ಬೀಳದಂತೆ ನೋಡಿಕೊಳ್ಳಿ. ಅಭಿಷೇಕ ಮಾಡುತ್ತಿರುವುದು ಅದೇ.