ಆಡಂಬರದ ಬೆಲೆ ತೆರುವವರು ಯಾರು?

ನಮ್ಮ ಮದ್ರಸದ ಹುಡುಗನೊಬ್ಬ ಹಲವು ದಿನ ತರಗತಿಗೆ ಬರಲಿಲ್ಲ. ವಿಚಾರಿಸಿದಾಗ, ಅಕ್ಕನ ಮದುವೆಯ ಸಾಲ ತೀರಿಸಲು ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತಿದ್ದಾನೆಂದು ತಿಳಿಯಿತು. ತಂದೆ ಮೀನು ಮಾರಿ ದಿನ ದೂಡುವವರು. ಆದರೂ ಮದುವೆಗೆ ಹಾಲ್, ಬಗೆಬಗೆಯ ಊಟ, ವೀಡಿಯೊ ಎಲ್ಲವೂ ಇತ್ತು. "ಇಷ್ಟೆಲ್ಲ ಬೇಕಿತ್ತೇ?" ಎಂದು ಕೇಳಿದೆ. "ಉಸ್ತಾದರೇ, ಇಲ್ಲದಿದ್ದರೆ ಗಂಡಿನ ಮನೆಯಲ್ಲಿ ಮಗಳು ತಲೆ ಎತ್ತುವುದು ಹೇಗೆ?" ಎಂದರು.

ಓದುಗರೇ, ಇದನ್ನು ಅವಿವೇಕವೆಂದು ತಳ್ಳಿಹಾಕುವುದು ಸುಲಭ. ಆದರೆ ಆ ತಂದೆ ಹಣ ಕೊಟ್ಟು ಕೊಂಡದ್ದು ಊಟವನ್ನಲ್ಲ, ಮಗಳ ಮರ್ಯಾದೆಯನ್ನು. ಮರ್ಯಾದೆಗೆ ಬೆಲೆ ಕಟ್ಟಿದವರು ಯಾರು?

ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್‌ಸ್ಟೈನ್ ವೆಬ್ಲೆನ್ 1899ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದರು. ಕೈಯಿಂದ ಮಾಡಿದ ಬೆಳ್ಳಿಯ ಚಮಚವಾಗಲಿ, ಯಂತ್ರದಲ್ಲಿ ತಯಾರಾದ ಅಗ್ಗದ ಚಮಚವಾಗಲಿ, ಉಣ್ಣುವುದಕ್ಕೆ ಎರಡೂ ಒಂದೇ. ಬೆಳ್ಳಿಯ ಚಮಚದ ಹಿರಿಮೆ ಇರುವುದು ಬಹುಮಟ್ಟಿಗೆ ಅದರ ದುಬಾರಿತನದಲ್ಲಿ. 'ಇಷ್ಟು ವ್ಯರ್ಥ ಮಾಡಬಲ್ಲೆ' ಎಂದು ತೋರಿಸುವುದೇ ಸಿರಿವಂತಿಕೆಯ ಸಾಕ್ಷಿಯಾಗುತ್ತದೆ. ಪ್ರತಿಯೊಂದು ವರ್ಗವೂ ತನಗಿಂತ ಒಂದು ಮೆಟ್ಟಿಲು ಮೇಲಿರುವವರನ್ನು ನೋಡಿ ಅನುಸರಿಸುತ್ತದೆ ಎಂಬುದೂ ಅವರ ವಾದ. ಹೀಗೆ ಬಂಗಲೆಯ ರೂಢಿ ಮೆಟ್ಟಿಲಿಳಿದು ಗುಡಿಸಲಿಗೆ ಬರುತ್ತದೆ. ಬಂಗಲೆಯಲ್ಲಿ ಅದು ಉಳಿತಾಯದ ಒಂದಂಶ, ಗುಡಿಸಲಿನಲ್ಲಿ ಬಡ್ಡಿಯ ಸಾಲ.

"ನನ್ನ ಹಣ, ನಾನು ಖರ್ಚು ಮಾಡುತ್ತೇನೆ, ನಿಮಗೇನು?" ಎಂದು ಉಳ್ಳವರು ಕೇಳಬಹುದು. ಹಣ ಅವರದೇ, ನಿಜ. ಆದರೆ ಆ ಖರ್ಚಿನಿಂದ ಊರಿನಲ್ಲಿ ಹುಟ್ಟುವ ಅಳತೆಗೋಲು ಅವರೊಬ್ಬರದಲ್ಲ. ಅದರಲ್ಲಿ ನೆರೆಯವನ ಮಗಳನ್ನೂ ಅಳೆಯಲಾಗುತ್ತದೆ.

ಖೈಬರ್‌ನಿಂದ ಮರಳುವ ದಾರಿಯಲ್ಲಿ ಪ್ರವಾದಿವರ್ಯರು(ಸ) ಹಝ್ರತ್ ಸಫಿಯ್ಯಾ(ರ)ರನ್ನು ವಿವಾಹವಾದಾಗ ನೀಡಿದ ವಲೀಮಾದಲ್ಲಿ ರೊಟ್ಟಿಯಾಗಲಿ ಮಾಂಸವಾಗಲಿ ಇರಲಿಲ್ಲ. ಖರ್ಜೂರ, ಒಣಗಿಸಿದ ಗಿಣ್ಣು ಮತ್ತು ತುಪ್ಪ ಇಷ್ಟೇ. ಧನಿಕರನ್ನು ಕರೆದು ಬಡವರನ್ನು ಬಿಟ್ಟ ವಲೀಮಾದ ಊಟ ಅತ್ಯಂತ ಕೆಟ್ಟದ್ದೆಂಬ ಎಚ್ಚರಿಕೆಯೂ ಹದೀಸ್‌ನಲ್ಲಿದೆ. ಸಮುದಾಯದ ನಾಯಕರ ಮನೆಯ ಔತಣವೇ ಹಾಗಿದ್ದಾಗ ಬರಿಗೈಯವನು ನಾಚಬೇಕಾದ ಕಾರಣವೇ ಇರಲಿಲ್ಲ.

ಸರಳ ಮದುವೆಯ ಉಪದೇಶವನ್ನು ನಾವು ಹೆಚ್ಚಾಗಿ ಬಡವರಿಗೇ ಮಾಡುತ್ತೇವೆ. ಇದು ತಿರುಗುಮುರುಗಾದ ನ್ಯಾಯ. ಬಡವನು ಸರಳವಾಗಿ ಮದುವೆ ಮಾಡಿದರೆ "ಪಾಪ, ಅವನಲ್ಲಿಲ್ಲ" ಎನ್ನುತ್ತಾರೆ. ಶ್ರೀಮಂತನು ಮಾಡಿದರೆ "ಎಂಥ ಸರಳತೆ!" ಎಂದು ಹೊಗಳುತ್ತಾರೆ. ಸರಳತೆಯಿಂದ ಮಾನ ಕಳೆದುಕೊಳ್ಳದವನೇ ಮೊದಲ ಹೆಜ್ಜೆ ಇಡಬೇಕು.

ನಿಮ್ಮ ಮನೆಯಲ್ಲಿ ಮುಂದಿನ ಮದುವೆಯ ಮಾತುಕತೆ ನಡೆಯುವಾಗ 'ನಮ್ಮಿಂದ ಸಾಧ್ಯವೇ?' ಎಂದಷ್ಟೇ ಲೆಕ್ಕ ಹಾಕಬೇಡಿ. 'ನಮ್ಮನ್ನು ನೋಡಿ ಯಾರು ಸಾಲ ಮಾಡಬೇಕಾದೀತು?' ಎಂದೂ ಕೇಳಿಕೊಳ್ಳಿ. ಆ ಹುಡುಗನ ಜಾಗ ನನ್ನ ತರಗತಿಯಲ್ಲಿ ಇನ್ನೂ ಖಾಲಿಯಾಗಿಯೇ ಇದೆ.