ಖಾಲಿ ಜಾಗ ಅಂತ ಹೇಳಿದ್ದು ಯಾರು?

‘ಕ್ಲೀನ್ ಎನರ್ಜಿ’ ಅಂದಾಗಲೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತೆ: ಕ್ಲೀನ್, ಸರಿ. ಆದ್ರೆ ಯಾರಿಗೆ?

ಸಾವಯವ ಸೌರಕೋಶವನ್ನೇ ತಗೊಳ್ಳಿ. ಇಲ್ಲಿ ಸಿಲಿಕಾನ್ ಬದಲು ಇಂಗಾಲ ಆಧಾರಿತ ಪಾಲಿಮರ್ ಇರುತ್ತೆ. ಅದನ್ನ ಇಂಕಿನಂತೆ ಕರಗಿಸಿ, ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಬಳಿಯಬಹುದು. ತೊಂದರೆ ಇರೋದು ಕರಗಿಸೋದರಲ್ಲಿ. ಸಾಮಾನ್ಯವಾಗಿ ಬಳಸೋದು ಕ್ಲೋರೋಬೆಂಜೀನ್, ಕ್ಲೋರೋಫಾರ್ಮ್‌ನಂಥ ವಿಷಕಾರಿ ದ್ರಾವಕಗಳು. ನಮ್ಮ ಮನೆಗೆ ಬರೋ ಹಾಳೆ ಹಸಿರು; ಅದನ್ನ ಬಳಿದವನು ಉಸಿರಾಡಿದ್ದು ಬೇರೆ.

ಅದಕ್ಕೇ ಕೆಲವು ವಿಜ್ಞಾನಿಗಳು ಪಾಲಿಮರನ್ನ ನ್ಯಾನೋ ಕಣಗಳಾಗಿಸಿ ನೀರಲ್ಲಿ ತೇಲಿಸಿ ಬಳಿಯೋ ದಾರಿ ಹುಡುಕ್ತಿದ್ದಾರೆ. ಬಗ್ಗಿಸಿದ್ರೆ ಬಿರುಕು ಬಿಡೋ, ವಿರಳ ಲೋಹ ಇಂಡಿಯಂ ಬೇಡೋ ಪಾರದರ್ಶಕ ಪದರದ ಬದಲು ಕಾರ್ಬನ್ ನ್ಯಾನೋಟ್ಯೂಬ್‌ಗಳ ಬಲೆ ಹಾಸೋ ಪ್ರಯತ್ನವೂ ಇದೆ. ಕೂದಲಿಗಿಂತ ಸಾವಿರಾರು ಪಟ್ಟು ತೆಳು ಕೊಳವೆಗಳವು. ನೀರಿಗೆ ಸೇರಲ್ಲ, ಸೋಪಿನಂಥದ್ದು ಹಾಕಿ ಸೇರಿಸಬೇಕು, ಆಮೇಲೆ ಆ ಸೋಪನ್ನ ತೊಳೀಬೇಕು, ಇಲ್ಲಾಂದ್ರೆ ಕರೆಂಟ್ ಸರಿಯಾಗಿ ಹರಿಯಲ್ಲ. ಮೊಳಕಾಲ್ಮೂರು ಸೀರೆಯ ರೇಷ್ಮೆ ನೂಲಿನ ಅಂಟು ಬಿಡಿಸೋಕೂ ಸೋಪುನೀರೇ ಬೇಕು. ಎರಡರಲ್ಲೂ ಕೊಳೆನೀರು ಎಲ್ಲಿಗೋ ಹೋಗಲೇಬೇಕು. ಉದ್ದನೆಯ, ಬಿರುಸಾದ ನ್ಯಾನೋಟ್ಯೂಬ್‌ಗಳು ಆಸ್ಬೆಸ್ಟಾಸ್ ಥರ ಹಾನಿ ಮಾಡಬಹುದು ಅಂತ ಇಲಿಗಳ ಮೇಲಿನ ಪ್ರಯೋಗಗಳು ಎಚ್ಚರಿಸಿವೆ.

ಆದ್ರೂ ಈ ಪ್ರಯತ್ನ ನನಗೆ ಇಷ್ಟ. ನೀರಲ್ಲಿ ಮಾಡಿದ ಕೋಶ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ವಿದ್ಯುತ್ ಕೊಡುತ್ತೆ. ಗೊತ್ತಿದ್ದೂ ಅದೇ ದಾರಿ ಹಿಡಿದು, ಕಳಕೊಂಡಿದ್ದನ್ನ ಮತ್ತೆ ಗಳಿಸೋಕೆ ಹೆಣಗೋದು ಅಂದ್ರೆ, ಎಲ್ಲೋ ಇರೋ ಕಾರ್ಮಿಕನ ಶ್ವಾಸಕೋಶವನ್ನ ಲೆಕ್ಕಕ್ಕೆ ತಗೊಂಡ ಹಾಗೆ. ಇದು ಕೆಮಿಸ್ಟ್ರಿ ಮಾತ್ರ ಅಲ್ಲ, ನೀತಿಯ ಪ್ರಶ್ನೆ ಕೂಡ.

ಇದೇ ಲೆಕ್ಕವನ್ನ ಈಗ ನೆಲಕ್ಕೆ ಹಾಕಿ ನೋಡಿ. ಚಳ್ಳಕೆರೆ ತಾಲ್ಲೂಕಿನಲ್ಲಿ ಅಮೃತಮಹಲ್ ಕಾವಲು ಅಂತ ಹುಲ್ಲುಗಾವಲು ಇದೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ನೆಲ. ಸುತ್ತಲಿನ ಹಳ್ಳಿಗಳ ದನ-ಕುರಿಗೂ ಅದೇ ಮೇವು. ಚಳ್ಳಕೆರೆಯ ಕಂಬಳಿಯ ಉಣ್ಣೆ ಬೆಳೆಯೋದು ಇಂಥ ಹುಲ್ಲಿನ ಮೇಲೇ. ಕೆಲವೇ ವರ್ಷಗಳಲ್ಲಿ ಇಲ್ಲಿನ ಸಾವಿರಾರು ಎಕರೆ ಡಿಆರ್‌ಡಿಒ, ಬಾರ್ಕ್, ಇಸ್ರೋ, ಐಐಎಸ್‌ಸಿಗಳಿಗೂ ಒಂದು ಸೌರ ಪಾರ್ಕಿಗೂ ಹಂಚಿಕೆಯಾಯ್ತು. ಐಐಎಸ್‌ಸಿಗೆ ಸಿಕ್ಕಿದ್ದು ಸುಮಾರು 1,500 ಎಕರೆ. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು.

ಐಐಎಸ್‌ಸಿ ಸೌರ ಸಂಶೋಧನೆಯಲ್ಲೂ ಮುಂದಿದೆ. 2012ರಲ್ಲಿ ಶುರುವಾದ ಭಾರತ-ಅಮೆರಿಕ ಸೌರ ಸಂಶೋಧನಾ ಒಕ್ಕೂಟಕ್ಕೆ ಭಾರತದ ಕಡೆಯಿಂದ ಮುಂದಾಳತ್ವ ವಹಿಸಿದ್ದು ಅದೇ. ಅಂದ್ರೆ ಇಲ್ಲಿ ಒಳ್ಳೆಯವರು-ಕೆಟ್ಟವರು ಅನ್ನೋ ಸುಲಭದ ಕಥೆ ಇಲ್ಲ. ಸಂಶೋಧನೆ ಬೇಕು, ವಿದ್ಯುತ್ತೂ ಬೇಕು. ಶಕ್ತಿನಗರದ ಕಲ್ಲಿದ್ದಲ ಬೂದಿ ಯಾರ ಮನೆ ಮೇಲಾದ್ರೂ ಬೀಳುತ್ತೆ ಅಲ್ವಾ? ಕಾವಲಿನಲ್ಲಿ ಏನೂ ಕಟ್ಟಬಾರದು ಅಂತ ಬೆಂಗಳೂರಲ್ಲಿ ಕೂತು ಹೇಳೋದು ನನಗೂ ಸುಲಭ.

ನನ್ನ ತಕರಾರು ಒಂದೇ ಪದದ ಬಗ್ಗೆ: ‘ಖಾಲಿ’. ಬೆಳೆ ಇಲ್ಲ, ಕಟ್ಟಡ ಇಲ್ಲ, ಯಾರ ಹೆಸರಲ್ಲೂ ಪಹಣಿ ಇಲ್ಲ, ಹಾಗಾಗಿ ಖಾಲಿ. ದ್ರಾವಕದ ಹಬೆ ಕುಡಿಯೋ ಕಾರ್ಮಿಕ ಪ್ಯಾನೆಲ್‌ನ ಬೆಲೆಯಲ್ಲಿ ಕಾಣದ ಹಾಗೆ, ಕುರಿ ಕಾಯೋನು ನಕ್ಷೆಯಲ್ಲಿ ಕಾಣಲ್ಲ.

ತೆಳು ಹಾಳೆಯ ಕೋಶದ ಬಗ್ಗೆ ನನಗಿರೋ ಆಸೆಯೂ ಇಲ್ಲೇ. ಗಾಜಿನ ಪ್ಯಾನೆಲ್‌ನ ಭಾರ ತಡೆಯದ ಶೀಟಿನ ಮನೆ, ಮಗ್ಗದ ಮನೆ, ನಮ್ಮ ಅಪಾರ್ಟ್‌ಮೆಂಟಿನ ಗೋಡೆ, ಎಲ್ಲಿ ಬೇಕಾದ್ರೂ ಅಂಟಬಹುದು. ಲ್ಯಾಬ್‌ನಲ್ಲಿ ದಕ್ಷತೆ ಶೇ. 19 ದಾಟಿದೆ, ಆಯಸ್ಸು ಮಾತ್ರ ಸಿಲಿಕಾನ್‌ನ 25 ವರ್ಷದ ಹತ್ತಿರಕ್ಕೂ ಸುಲಭವಾಗಿ ಬರ್ತಿಲ್ಲ. ಬಂದ ದಿನ ಕಾವಲಿನ ಮೇಲಿನ ಒತ್ತಡ ತಾನಾಗೇ ಇಳಿಯುತ್ತೆ ಅಂತೇನಿಲ್ಲ. ತಂತ್ರಜ್ಞಾನ ಆಯ್ಕೆ ಕೊಡುತ್ತೆ ಅಷ್ಟೇ, ಆರಿಸೋದು ನಾವೇ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 2,200 ವರ್ಷಕ್ಕೂ ಹಿಂದೆ ಬಂಡೆ ಮೇಲೆ ಕೆತ್ತಿಸಿದ್ದು. ಹಿರಿಯರ ಮಾತು ಕೇಳಿ, ಸತ್ಯ ನುಡಿಯಿರಿ ಅನ್ನೋದರ ಜೊತೆಗೆ ಜೀವಿಗಳ ಬಗ್ಗೆ ದಯೆ ಗಟ್ಟಿಯಾಗಿರಲಿ ಅನ್ನುತ್ತೆ. ‘ಗಟ್ಟಿ’ ಅನ್ನೋದು ಮುಖ್ಯ. ಅನುಕೂಲ ಇದ್ದಾಗ ತೋರೋ ದಯೆ ಎಲ್ಲರಿಗೂ ಬರುತ್ತೆ.

ನಮ್ಮ ಸೊಸೈಟಿ ಮೀಟಿಂಗಿನಲ್ಲೋ ಆಫೀಸಿನಲ್ಲೋ ‘ಗ್ರೀನ್ ಪವರ್’ಗೆ ಕೈ ಎತ್ತೋಣ, ಖಂಡಿತ. ಎತ್ತೋ ಮುಂಚೆ ಎರಡು ಪ್ರಶ್ನೆ ಕೇಳೋಣ: ಇದನ್ನ ಮಾಡೋವಾಗ ಯಾರು ಉಸಿರಾಡ್ತಿದ್ರು? ಇದನ್ನ ಇಟ್ಟ ಜಾಗದಲ್ಲಿ ಮೊದಲು ಯಾರ ಕುರಿ ಮೇಯ್ತಿತ್ತು?